ಲೆಕ್ಕಕ್ಕೆ ಸಿಗದ ತಾಸುಗಳು

ರಾಮದುರ್ಗ ಸೀಮೆಯ ನೇಕಾರರಿಗೆ ಮಜೂರಿ ಸಿಗುವುದು ಸೀರೆಯ ಲೆಕ್ಕದಲ್ಲಿ. ಸೀರೆ ಮಗ್ಗದಿಂದ ಇಳಿಯುವ ಮೊದಲು ಕಂಡಿಕೆ ಸುತ್ತಬೇಕು, ಹಾಸು ಅಣಿಗೊಳಿಸಬೇಕು, ಹರಿದ ಎಳೆ ಜೋಡಿಸಬೇಕು. ಆ ಕೆಲಸ ಬಹುತೇಕ ಮನೆಯ ಹೆಂಗಸರ ಪಾಲಿನದು, ಅದಕ್ಕೆ ಪ್ರತ್ಯೇಕ ಪಗಾರವಿಲ್ಲ. ಇದೇ ಲೆಕ್ಕ ಈಗ ಸ್ನಾತಕೋತ್ತರ ಪದವಿ ಪಡೆದು ಕಾಲೇಜಿನಲ್ಲಿ ಪಾಠ ಮಾಡುವವರಿಗೂ ಅನ್ವಯವಾಗುತ್ತಿದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮಕ್ಕಳು ಪದವಿ ಓದುವುದು 2010ರಲ್ಲಿ ಸ್ಥಾಪನೆಯಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ. ರಾಜ್ಯದ ಉಳಿದೆಡೆಯಂತೆ ಇಲ್ಲಿಯೂ ಸರ್ಕಾರಿ ಪದವಿ ಕಾಲೇಜುಗಳ ಪಾಠ ನಡೆಯುತ್ತಿರುವುದು ಬಹುಮಟ್ಟಿಗೆ ಅತಿಥಿ ಉಪನ್ಯಾಸಕರ ಬಲದಿಂದ. ಅವರಿಗೆ ಕೊಡುವ ಹಣವನ್ನು ಸರ್ಕಾರ ವೇತನ ಎನ್ನುವುದಿಲ್ಲ, ಗೌರವಧನ ಎನ್ನುತ್ತದೆ. ಕೆಲಸವನ್ನು ಅಳೆಯುವುದು ತರಗತಿಯೊಳಗಿನ ತಾಸಿನಿಂದ.

2022ರ ಜನವರಿಗಿಂತ ಮೊದಲು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಹೇಳುವ ಅರ್ಹತೆಯಿದ್ದವರಿಗೆ ತಿಂಗಳಿಗೆ 13,000 ರೂಪಾಯಿ, ಇಲ್ಲದವರಿಗೆ 11,000 ಸಿಗುತ್ತಿತ್ತು. ವಾರಕ್ಕೆ 8ರಿಂದ 10 ತಾಸು ಪಾಠ. ಆ ತಿಂಗಳು ಸರ್ಕಾರ ಗೌರವಧನವನ್ನು ಅರ್ಹತೆ ಮತ್ತು ಸೇವಾವಧಿಗೆ ತಕ್ಕಂತೆ 26,000ದಿಂದ 32,000ದವರೆಗೆ ಏರಿಸಿ, ಪಾಠದ ಹೊರೆಯನ್ನು 15 ತಾಸಿಗೆ ಒಯ್ದಿತು. ಏರಿಕೆ ಸುಳ್ಳಲ್ಲ. ತಿಂಗಳಿಗೆ ನಾಲ್ಕು ವಾರವೆಂದು ಹಿಡಿದರೆ, 10 ತಾಸು ಪಾಠ ಮಾಡಿ 13,000 ಪಡೆಯುತ್ತಿದ್ದವರಿಗೆ ತಾಸಿಗೆ ಬೀಳುತ್ತಿದ್ದುದು 325 ರೂಪಾಯಿ. 32,000ದ ಲೆಕ್ಕದಲ್ಲಿ ಅದು 533 ಆಯಿತು. ಆದರೆ ಒಬ್ಬರಿಗೆ 15 ತಾಸು ಕೊಟ್ಟಾಗ ಅಷ್ಟೇ ಪಾಠಕ್ಕೆ ಬೇಕಾಗುವವರ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಒಬ್ಬರ ಏರಿಕೆಯ ಒಂದು ಪಾಲನ್ನು ಕೆಲಸ ಕಳೆದುಕೊಂಡ ಇನ್ನೊಬ್ಬರು ತೆತ್ತರು. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ನಡೆಸಿದ ಮುಷ್ಕರದ ನಂತರ ಸೇವಾವಧಿಗೆ ಅನುಗುಣವಾಗಿ 5,000ದಿಂದ 8,000ದವರೆಗೆ ಮತ್ತೆ ಹೆಚ್ಚಳವಾಯಿತು. ಅಳತೆಗೋಲು ಮಾತ್ರ ಬದಲಾಗಲಿಲ್ಲ.

ಆ ಅಳತೆಗೋಲೇ ತಪ್ಪು ಎನ್ನುವುದಕ್ಕೆ ಸಾಕ್ಷಿ ಯುಜಿಸಿಯ 2018ರ ನಿಯಮಾವಳಿಯಲ್ಲಿಯೇ ಇದೆ. ಕಾಯಂ ಸಹಾಯಕ ಪ್ರಾಧ್ಯಾಪಕರ ಕೆಲಸ ವಾರಕ್ಕೆ 40 ತಾಸು, ಅದರಲ್ಲಿ ನೇರ ಪಾಠ 16 ತಾಸು ಎಂದು ಅದು ಹೇಳುತ್ತದೆ. ಅಂದರೆ ತರಗತಿಯ ಒಂದೊಂದು ತಾಸಿನ ಬೆನ್ನಿಗೆ ಇನ್ನೂ ಒಂದೂವರೆ ತಾಸಿನ ಕೆಲಸವಿದೆ ಎಂದು ನಿಯಮವೇ ಒಪ್ಪಿದೆ: ಪಾಠದ ತಯಾರಿ, ಕಿರುಪರೀಕ್ಷೆ, ಅಂಕಪಟ್ಟಿ, ಅರ್ಥವಾಗದ ವಿದ್ಯಾರ್ಥಿಗೆ ಮತ್ತೊಮ್ಮೆ ಹೇಳಿಕೊಡುವುದು. 16 ತಾಸು ಪಾಠ ಮಾಡುವವರದು ಪೂರ್ಣಾವಧಿ ಉದ್ಯೋಗವಾದರೆ 15 ತಾಸು ಮಾಡುವವರದು ಅರೆಕಾಲಿಕ ಹೇಗಾಗುತ್ತದೆ? ಕಾಯಂ ಹುದ್ದೆಯ ಆರಂಭಿಕ ಮೂಲವೇತನ 57,700. ಅದರ ಹದಿನಾರರಲ್ಲಿ ಹದಿನೈದು ಪಾಲು 54,000ಕ್ಕೂ ಮಿಗುತ್ತದೆ, ಭತ್ಯೆ ಬೇರೆ. ಯುಜಿಸಿ ಅತಿಥಿ ಬೋಧಕರಿಗೆಂದೇ 2019ರಲ್ಲಿ ನಿಗದಿಪಡಿಸಿದ ದರವೂ ಇದೆ, ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000. ಆ ಮಿತಿ 33 ಉಪನ್ಯಾಸಗಳಿಗೇ ಬಹುತೇಕ ಮುಗಿಯುತ್ತದೆ. ತಿಂಗಳಿಗೆ 60 ತಾಸು ಪಾಠ ಮಾಡುವವರ ಉಳಿದ 27 ತಾಸು ಯಾವ ಖಾತೆಗೆ?

ಅತಿಥಿ ಉಪನ್ಯಾಸಕರು ಸ್ಪರ್ಧಾತ್ಮಕ ಪರೀಕ್ಷೆ ಬರೆದು ಆಯ್ಕೆಯಾದವರಲ್ಲ, ಸಮಾನ ವೇತನ ಕೇಳುವುದು ಹೇಗೆ ಎಂಬ ಆಕ್ಷೇಪವಿದೆ. ಇಲ್ಲಿ ಎರಡು ಪ್ರಶ್ನೆಗಳು ಬೆರೆತುಹೋಗಿವೆ. ಹಿಂಬಾಗಿಲ ನೇಮಕವನ್ನು ಹಕ್ಕೆಂದು ಕಾಯಂಗೊಳಿಸಲಾಗದು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು. ಉಮಾದೇವಿ ಪ್ರಕರಣ ಎಂದು ಹೆಸರಾದ ಆ ದಾವೆ ಹೋದದ್ದು ಕರ್ನಾಟಕದಿಂದಲೇ. ಆದರೆ ಅದೇ ನ್ಯಾಯಾಲಯ 2016ರ ಜಗಜೀತ್ ಸಿಂಗ್ ತೀರ್ಪಿನಲ್ಲಿ, ಕಾಯಂ ನೌಕರನಷ್ಟೇ ಕೆಲಸ ಮಾಡುವ ತಾತ್ಕಾಲಿಕ ನೌಕರನಿಗೆ ಆ ವೇತನಶ್ರೇಣಿಯ ಕನಿಷ್ಠ ಮೊತ್ತ ಸಲ್ಲಬೇಕು ಎಂದಿತು. ಹುದ್ದೆಯ ಹಕ್ಕು ಬೇರೆ, ದುಡಿದ ತಾಸಿನ ಹಕ್ಕು ಬೇರೆ. ಮೊದಲನೆಯದು ಇಲ್ಲವೆಂದು ಎರಡನೆಯದನ್ನು ಕಿತ್ತುಕೊಳ್ಳಲು ಬರುವುದಿಲ್ಲ.

ಖಜಾನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು, ಸಾವಿರಾರು ಜನರ ಪಗಾರ ಒಂದೇ ವರ್ಷದಲ್ಲಿ ದುಪ್ಪಟ್ಟಾಗದು ನಿಜ. ಆದರೆ ಹಣವಿಲ್ಲದಿದ್ದರೆ ಕೆಲಸವನ್ನಾದರೂ ಲೆಕ್ಕಕ್ಕೆ ತಕ್ಕಂತೆ ಇಳಿಸಬೇಕಲ್ಲವೇ? ಬಿಡುವಿದ್ದಾಗ ಬೇರೆ ಕಡೆ ದುಡಿಯಲಿ ಎನ್ನುವವರು ವೇಳಾಪಟ್ಟಿಯನ್ನೊಮ್ಮೆ ನೋಡಬೇಕು. 15 ತಾಸನ್ನು ವಾರದ ಆರು ದಿನಕ್ಕೆ ಹರಡಿ, ಬೆಳಿಗ್ಗೆ ಒಂದೆರಡು ಪಿರಿಯಡ್, ಮಧ್ಯಾಹ್ನ ಇನ್ನೊಂದು ಎಂದಿಟ್ಟರೆ ಸವದತ್ತಿಯಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಬರುವವರ ಇಡೀ ದಿನ ಕಾಲೇಜಿನದಾಗುತ್ತದೆ, ಬಿಲ್ಲಿನಲ್ಲಿ ಮಾತ್ರ ಎರಡೋ ಮೂರೋ ತಾಸು. ಅಷ್ಟೇ ಪಾಠವನ್ನು ನಾಲ್ಕು ದಿನಕ್ಕೆ ಹೊಂದಿಸಲು ಸರ್ಕಾರದ ಬೊಕ್ಕಸದಿಂದ ರೂಪಾಯಿಯೂ ಬೇಡ, ವೇಳಾಪಟ್ಟಿ ಬರೆಯುವವರ ಮನಸ್ಸು ಸಾಕು. ಪರೀಕ್ಷಾ ಮೇಲ್ವಿಚಾರಣೆ, ದಾಖಲಾತಿ, ಸಮಿತಿಗಳ ಕೆಲಸವನ್ನು ಹೇಳುವಾಗ ಅದು 15 ತಾಸಿನ ಒಳಗೋ ಹೊರಗೋ ಎಂದು ಕರಾರಿನಲ್ಲಿಯೇ ಬರೆದು, ಹೊರಗಾದರೆ ಅದಕ್ಕೂ ದರ ಕಟ್ಟಬೇಕು.