ವಿಕಲಚೇತನರ ರಾಷ್ಟ್ರೀಯ ನೀತಿ: ಉದ್ಯೋಗದ ಲೆಕ್ಕ ಎಲ್ಲಿದೆ?

ಭಾರತ ಸರ್ಕಾರವು 2006ರ ಫೆಬ್ರವರಿಯಲ್ಲಿ ಪ್ರಕಟಿಸಿದ ರಾಷ್ಟ್ರೀಯ ನೀತಿಯು ವಿಕಲಚೇತನರನ್ನು ದೇಶದ ಅಮೂಲ್ಯ ಮಾನವ ಸಂಪನ್ಮೂಲವೆಂದು ಪರಿಗಣಿಸಿತು. ನೀತಿಯ ಅನುಷ್ಠಾನವನ್ನು ಐದು ವರ್ಷಗಳಿಗೊಮ್ಮೆ ಸಮಗ್ರವಾಗಿ ಪರಾಮರ್ಶಿಸಬೇಕೆಂದೂ ಅದರಲ್ಲಿಯೇ ಹೇಳಲಾಗಿತ್ತು. ಪರಾಮರ್ಶೆಗೆ ಖಚಿತವಾದ ಅಳತೆಗೋಲು ಬೇಕು. ತೊಡಕು ಇರುವುದು ಅಲ್ಲಿಯೇ.

ಮೊದಲಿಗೆ ಜನಸಂಖ್ಯೆ. 2001ರ ಜನಗಣತಿಯ ಪ್ರಕಾರ ದೇಶದಲ್ಲಿ 2.19 ಕೋಟಿ ವಿಕಲಚೇತನರಿದ್ದರು. ಮರುವರ್ಷದ ರಾಷ್ಟ್ರೀಯ ಮಾದರಿ ಸಮೀಕ್ಷೆಯು 1.85 ಕೋಟಿ ಎಂದಿತು. ಎರಡರ ವ್ಯಾಖ್ಯೆಗಳು ಬೇರೆ ಬೇರೆ. ಕರ್ನಾಟಕದಲ್ಲಿ 2001ರಲ್ಲಿ 9.40 ಲಕ್ಷವಿದ್ದ ಸಂಖ್ಯೆಯು 2011ರ ಗಣತಿಯಲ್ಲಿ 13.24 ಲಕ್ಷಕ್ಕೇರಿತು. ಇಷ್ಟರಿಂದಲೇ ವೈಕಲ್ಯ ಹೆಚ್ಚಿತೆನ್ನಲಾಗದು. ಮೊದಲ ಗಣತಿಯಲ್ಲಿ ಐದು ಬಗೆಯ ವೈಕಲ್ಯಗಳನ್ನು ಲೆಕ್ಕಕ್ಕೆ ಹಿಡಿದಿದ್ದರೆ ಎರಡನೆಯದರಲ್ಲಿ ಎಂಟನ್ನು ಹಿಡಿಯಲಾಗಿತ್ತು. 2016ರ ಹಕ್ಕುಗಳ ಕಾಯ್ದೆಯಂತೂ 21 ಬಗೆಗಳನ್ನು ಗುರುತಿಸಿದೆ.

ಉದ್ದಿಮೆದಾರರು ಗಮನಿಸಬೇಕಾದುದು ಉದ್ಯೋಗದ ಅಂಕಿಗಳನ್ನು. 2018ರ ಜುಲೈ-ಡಿಸೆಂಬರ್ ಅವಧಿಯ ಮಾದರಿ ಸಮೀಕ್ಷೆಯಲ್ಲಿ 15 ವರ್ಷ ಮೇಲ್ಪಟ್ಟ ವಿಕಲಚೇತನರ ನಿರುದ್ಯೋಗ ಪ್ರಮಾಣವು ಕೇವಲ ಶೇ. 4.2. ಮೇಲ್ನೋಟಕ್ಕೆ ಇದು ಸಮಾಧಾನಕರ. ಆದರೆ ದುಡಿಯುತ್ತಿರುವವರು ಮತ್ತು ಕೆಲಸ ಅರಸುತ್ತಿರುವವರು ಇಬ್ಬರನ್ನೂ ಕೂಡಿಸಿದರೂ ಸಿಗುವುದು ಶೇ. 23.8 ಮಾತ್ರ. ಉಳಿದ ನಾಲ್ಕರಲ್ಲಿ ಮೂರು ಪಾಲು ಜನ ಕೆಲಸ ಕೇಳಲೂ ಬಂದಿಲ್ಲವಾದ್ದರಿಂದ ನಿರುದ್ಯೋಗಿಗಳ ಪಟ್ಟಿಯಲ್ಲಿಲ್ಲ. ಅಂಗಡಿಯೊಳಗೆ ಬಂದ ಗಿರಾಕಿಗಳನ್ನಷ್ಟೇ ಎಣಿಸಿ ಇಡೀ ಪೇಟೆಯ ಬೇಡಿಕೆಯನ್ನು ಅಂದಾಜು ಮಾಡುವ ವರ್ತಕನಾರು? ಅದೇ ಸಮೀಕ್ಷೆಯ ಪ್ರಕಾರ ವೈಕಲ್ಯದ ಪ್ರಮಾಣಪತ್ರ ಪಡೆದಿದ್ದವರೂ ಶೇ. 28.8ರಷ್ಟೇ. ಪ್ರಮಾಣಪತ್ರವಿಲ್ಲದವರಿಗೆ ಮೀಸಲಾತಿಯೂ ಇಲ್ಲ, ಸಹಾಯಧನವೂ ಇಲ್ಲ.

ಖಾಸಗಿ ವಲಯವನ್ನು ಹುರಿದುಂಬಿಸುವ ಯತ್ನ ನಡೆಯದೆ ಇಲ್ಲ. ಮಾಸಿಕ 25,000 ರೂ.ವರೆಗೆ ವೇತನವುಳ್ಳ ವಿಕಲಚೇತನರನ್ನು ನೇಮಿಸಿಕೊಂಡರೆ ಭವಿಷ್ಯ ನಿಧಿ ಮತ್ತು ಇ.ಎಸ್.ಐ.ಗಳ ಮಾಲೀಕರ ವಂತಿಗೆಯನ್ನು ಮೂರು ವರ್ಷ ಸರ್ಕಾರವೇ ಭರಿಸುವ ಯೋಜನೆಯು 2008ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವರ್ಷಕ್ಕೆ ಒಂದು ಲಕ್ಷ ಉದ್ಯೋಗದ ಗುರಿಯಿತ್ತು, ಅದು ಈಡೇರಲಿಲ್ಲ. ಇದರಲ್ಲಿ ಅಚ್ಚರಿಯೇನಿಲ್ಲ. ಸಣ್ಣ ಕಾರ್ಖಾನೆಯ ಮಾಲೀಕನಿಗೆ ವಂತಿಗೆಗಿಂತ ದೊಡ್ಡ ಚಿಂತೆಯೆಂದರೆ ಯಂತ್ರದ ಬಳಿಯ ಸುರಕ್ಷತೆ, ಮೆಟ್ಟಿಲು, ಶೌಚಾಲಯ ಹಾಗೂ ತರಬೇತಿ. ಇವಕ್ಕೆ ಆ ಯೋಜನೆಯಲ್ಲಿ ನೆರವಿರಲಿಲ್ಲ.

2016ರ ಕಾಯ್ದೆಯು ಸರ್ಕಾರಿ ಹುದ್ದೆಗಳಲ್ಲಿನ ಮೀಸಲಾತಿಯನ್ನು ಶೇ. 3ರಿಂದ 4ಕ್ಕೆ ಏರಿಸಿತು. ಖಾಸಗಿ ಉದ್ದಿಮೆಗಳಿಗೆ ಮೀಸಲಾತಿಯ ಕಡ್ಡಾಯವಿಲ್ಲ. ನೌಕರರಲ್ಲಿ ಕನಿಷ್ಠ ಶೇ. 5ರಷ್ಟು ವಿಕಲಚೇತನರಿರುವಂತೆ ಪ್ರೋತ್ಸಾಹಧನ ನೀಡಬೇಕೆಂಬ ಮಾತಷ್ಟೇ ಇದೆ. ಆದರೆ ಲೆಕ್ಕವಿಡುವ ಹೊಣೆಯಿಂದ ಯಾರಿಗೂ ವಿನಾಯಿತಿಯಿಲ್ಲವೆಂಬುದನ್ನು ಅನೇಕರು ಅರಿತಿಲ್ಲ. 2017ರ ನಿಯಮಗಳ ಪ್ರಕಾರ 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಯು ಸಮಾನಾವಕಾಶ ನೀತಿಯಲ್ಲಿ ವಿಕಲಚೇತನರಿಗೆ ಒದಗಿಸುವ ಸೌಲಭ್ಯ ಹಾಗೂ ಅವರಿಗೆ ಒಪ್ಪುವ ಹುದ್ದೆಗಳನ್ನು ನಮೂದಿಸಿ ಪ್ರಕಟಿಸಬೇಕು, ಸಂಪರ್ಕಾಧಿಕಾರಿಯನ್ನೂ ನೇಮಿಸಬೇಕು. ಎಷ್ಟು ವಿಕಲಚೇತನರು ಯಾವ ದಿನಾಂಕದಿಂದ, ಯಾವ ಕೆಲಸದಲ್ಲಿದ್ದಾರೆ, ಅವರ ವೈಕಲ್ಯದ ಸ್ವರೂಪವೇನು, ಯಾವ ಸೌಲಭ್ಯ ಪಡೆಯುತ್ತಿದ್ದಾರೆ ಎಂಬ ವಿವರಗಳ ದಾಖಲೆಯನ್ನೂ ಇಡಬೇಕು. ಹಾಜರಿ ಪುಸ್ತಕದ ಪಕ್ಕದಲ್ಲಿ ಇನ್ನೊಂದು ಪುಸ್ತಕವಿದ್ದರೆ ಸಣ್ಣ ಘಟಕಕ್ಕೆ ಇಷ್ಟು ಸಾಕಾಗುತ್ತದೆ. ನೀತಿಯ ಪರಾಮರ್ಶೆಗೆ ಬೇಕಾದ ಅಂಕಿಗಳೂ ಅದರಲ್ಲಿಯೇ ದೊರೆಯುತ್ತವೆ.