ಹಿಮನಿದ್ರೆಗೆ ಕಾವಲು ಯಾರು?

1967ರ ಜನವರಿ 12ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಜೇಮ್ಸ್ ಬೆಡ್‌ಫರ್ಡ್ ಎಂಬ ಮನಃಶಾಸ್ತ್ರದ ಪ್ರಾಧ್ಯಾಪಕರು ಕ್ಯಾನ್ಸರ್‌ನಿಂದ ತೀರಿಕೊಂಡರು. ವಯಸ್ಸು 73. ಅವರನ್ನು ಹೂಳಲಿಲ್ಲ, ಸುಡಲೂ ಇಲ್ಲ. ಔಷಧ ಚುಚ್ಚಿ, ಮಂಜುಗಡ್ಡೆಯಲ್ಲಿ ತಂಪುಗೊಳಿಸಿ, ಕೊನೆಗೆ ದ್ರವ ಸಾರಜನಕದಲ್ಲಿ ಇರಿಸಿದರು. ಎಂದಾದರೂ ಒಂದು ದಿನ ವೈದ್ಯರು ತಮ್ಮನ್ನು ಎಬ್ಬಿಸಿ ರೋಗ ವಾಸಿಮಾಡುತ್ತಾರೆಂಬುದು ಅವರ ಆಸೆಯಾಗಿತ್ತು. ಆ ದೇಹ ಇಂದಿಗೂ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಶೂನ್ಯಕ್ಕಿಂತ 196 ಡಿಗ್ರಿ ಸೆಲ್ಸಿಯಸ್ ಕೆಳಗಿನ ತಂಪಿನಲ್ಲಿದೆ.

ಈ ವಿದ್ಯೆಗೆ 'ಕ್ರಯಾನಿಕ್ಸ್' ಎಂದು ಹೆಸರು. ಇದರ ಮೂಲಪುರುಷ ಮಿಷಿಗನ್‌ನ ಭೌತಶಾಸ್ತ್ರದ ಮೇಷ್ಟ್ರು ರಾಬರ್ಟ್ ಎಟಿಂಜರ್. 1964ರಲ್ಲಿ ದೊಡ್ಡ ಪ್ರಕಾಶಕರಿಂದ ಹೊರಬಂದ ಪುಸ್ತಕದಲ್ಲಿ ಅವರು ಮುಂದಿಟ್ಟ ವಾದ ಸರಳವಾದದ್ದು. ಇಂದು ಸಾವು ಎನ್ನಿಸುವ ಸ್ಥಿತಿ ನಾಳಿನ ವೈದ್ಯರಿಗೆ ಬರಿಯ ಕಾಯಿಲೆ ಎನ್ನಿಸಬಹುದು. ಆ ವೈದ್ಯರು ಬರುವತನಕ ದೇಹ ಕೆಡದಂತೆ ಕಾದಿಟ್ಟರಾಯಿತು. 2011ರಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡ ಎಟಿಂಜರ್, ತಾವೇ ಕಟ್ಟಿದ ಸಂಸ್ಥೆಯಲ್ಲಿ ತಮ್ಮ ತಾಯಿ ಮತ್ತು ಇಬ್ಬರು ಪತ್ನಿಯರಂತೆಯೇ ಹಿಮನಿದ್ರೆಗೆ ಸೇರಿದರು.

ಸಾವನ್ನು ಗೆಲ್ಲುವ ಆಸೆ ಯಾರಿಗಿಲ್ಲ? ಆದರೂ ಸುಮಾರು ಅರವತ್ತು ವರ್ಷಗಳಲ್ಲಿ ಇಡೀ ಜಗತ್ತಿನಲ್ಲಿ ಹೀಗೆ ಶೀತಲಗೊಂಡವರು ಕೆಲವು ನೂರು ಮಂದಿ ಮಾತ್ರ. ಉಳಿದವರು ಏಕೆ ನಂಬಲಿಲ್ಲ?

ಮೊದಲ ಕಾರಣ ವಿಜ್ಞಾನದ್ದೇ. ನಮ್ಮ ದೇಹದ ಬಹುಪಾಲು ನೀರು. ನೀರು ಹೆಪ್ಪುಗಟ್ಟಿದರೆ ಹಿಮದ ಹರಳುಗಳು ಮೂಡಿ ಜೀವಕೋಶಗಳನ್ನು ಸೀಳುತ್ತವೆ. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣುಗಳು ಶೈತ್ಯವನ್ನು ತಾಳಿಕೊಳ್ಳುತ್ತವೆಂದು 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಂಡುಕೊಂಡರು. 1984ರಲ್ಲಿ ಆಸ್ಟ್ರೇಲಿಯಾದಲ್ಲಿ, ಶೈತ್ಯದಲ್ಲಿಟ್ಟಿದ್ದ ಭ್ರೂಣದಿಂದ ಮಗುವೇ ಹುಟ್ಟಿತು. ಹಾಗಾದರೆ ಮನುಷ್ಯನೇಕೆ ಆಗದು? ಭ್ರೂಣ ಸಾಸಿವೆ ಕಾಳಿಗಿಂತ ಚಿಕ್ಕದು. ರಕ್ಷಕ ದ್ರಾವಣ ಅದರೊಳಗೆ ಕ್ಷಣದಲ್ಲಿ ಇಳಿಯುತ್ತದೆ, ತಂಪೂ ಬಿಸಿಯೂ ಸಮನಾಗಿ ಹರಡುತ್ತವೆ. ದೊಡ್ಡ ಅಂಗಗಳಲ್ಲಿ ಇದು ಸಾಧ್ಯವಾಗುವುದಿಲ್ಲ. ಹಿಮಗಟ್ಟದೆ ಗಾಜಿನಂತೆ ಗಟ್ಟಿಯಾಗಿಸುವ ವಿಧಾನವೊಂದು ಈಗ ಬಂದಿದೆ. ಆದರೆ ಅದಕ್ಕೆ ಬೇಕಾದಷ್ಟು ರಾಸಾಯನಿಕ ಸೇರಿಸಿದರೆ ಅದೇ ವಿಷವಾಗುತ್ತದೆ; ಕಡಿಮೆ ಸೇರಿಸಿದರೆ ಹರಳು ಮೂಡುತ್ತದೆ. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇಲಿಯ ಮೂತ್ರಪಿಂಡವನ್ನು ಹೀಗೆ 100 ದಿನಗಳವರೆಗೆ ಕಾದಿಟ್ಟು, ಬಿಸಿಮಾಡಿ, ಮತ್ತೆ ಇಲಿಗೆ ಜೋಡಿಸಿದ್ದು 2023ರಲ್ಲಿ ಪ್ರಕಟವಾಯಿತು. ಅದು ದೊಡ್ಡ ಸಾಧನೆಯೇ. ಆದರೆ ಅದು ಜೀವಂತ ಇಲಿಯಿಂದ ತೆಗೆದ ಒಂದೇ ಅಂಗ. ಇಲ್ಲಿರುವುದು ಸತ್ತ ಮನುಷ್ಯನ ಮಿದುಳು. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಅದು ಕೆಡಲಾರಂಭಿಸುತ್ತದೆ. ನೆನಪುಗಳು ಅದರಲ್ಲಿ ಉಳಿದಿವೆಯೇ ಎಂದು ಪರೀಕ್ಷಿಸುವ ದಾರಿಯೇ ಇನ್ನೂ ಇಲ್ಲ.

ಎರಡನೆಯ ಕಾರಣ ಹಣ ಮತ್ತು ನಂಬಿಕೆಯದ್ದು. ದ್ರವ ಸಾರಜನಕ ದಿನವೂ ಆವಿಯಾಗುತ್ತದೆ, ತುಂಬುತ್ತಲೇ ಇರಬೇಕು. ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನ ಸ್ಮಶಾನವೊಂದರ ನೆಲಮಾಳಿಗೆಯಲ್ಲಿ ದೇಹಗಳನ್ನು ಇರಿಸಿಕೊಂಡಿದ್ದವರ ಬಳಿ ಹಣ ಮುಗಿಯಿತು. ಕೆಲವು ಕುಟುಂಬಗಳು ಕೊಡುವುದನ್ನು ನಿಲ್ಲಿಸಿದ್ದವು. 1979ರಲ್ಲಿ ಬಾಗಿಲು ತೆರೆದಾಗ ಒಂಬತ್ತು ದೇಹಗಳು ಕೊಳೆತಿದ್ದವು. ಬಂಧುಗಳು ಮೊಕದ್ದಮೆ ಹೂಡಿ ಗೆದ್ದರು. ಫ್ರಾನ್ಸ್‌ನಲ್ಲಿ ರೇಮಂಡ್ ಮಾರ್ಟಿನೊ ಎಂಬ ವೈದ್ಯರು 1984ರಲ್ಲಿ ತೀರಿಕೊಂಡ ಪತ್ನಿಯನ್ನು ತಮ್ಮ ಹಳೆಯ ಬಂಗಲೆಯ ನೆಲಮಾಳಿಗೆಯಲ್ಲಿ ಶೈತ್ಯದಲ್ಲಿಟ್ಟರು. 2002ರಲ್ಲಿ ಅವರು ಹೋದಾಗ ಮಗ ತಂದೆಯನ್ನೂ ಅಲ್ಲೇ ಇಟ್ಟ, ಸರ್ಕಾರದೊಡನೆ ನ್ಯಾಯಾಲಯದಲ್ಲಿ ಹೋರಾಡಿದ. 2006ರಲ್ಲಿ ಯಂತ್ರ ಕೆಟ್ಟಿತು. ಇಬ್ಬರನ್ನೂ ಅವನೇ ದಹನ ಮಾಡಬೇಕಾಯಿತು. 1974ಕ್ಕೆ ಮುಂಚೆ ಹಿಮನಿದ್ರೆಗೆ ಇಳಿದವರಲ್ಲಿ ಇಂದಿಗೂ ಉಳಿದಿರುವವರು ಬೆಡ್‌ಫರ್ಡ್ ಒಬ್ಬರೇ. ಅದಕ್ಕೂ ಕಾರಣ, ನಡುವಿನ ಕಷ್ಟದ ವರ್ಷಗಳಲ್ಲಿ ಅವರ ಮನೆಯವರು ಕೈಬಿಡದೆ ನೋಡಿಕೊಂಡದ್ದು.

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣ. 2016ರಲ್ಲಿ ಲಂಡನ್ನಿನ ಹೈಕೋರ್ಟ್ ಮುಂದೆ 14 ವರ್ಷದ ಬಾಲಕಿಯ ಅರ್ಜಿ ಬಂತು. ಕ್ಯಾನ್ಸರ್ ಉಲ್ಬಣಿಸಿತ್ತು. ತನ್ನ ದೇಹವನ್ನು ಕಾದಿಡಬೇಕೆಂದು ಅವಳ ಕೋರಿಕೆ. ಅಪ್ರಾಪ್ತೆಯಾದ್ದರಿಂದ ಅವಳು ಉಯಿಲು ಬರೆಯುವಂತಿರಲಿಲ್ಲ. ತಾಯಿ ಒಪ್ಪಿದ್ದಳು, ದೂರವಾಗಿದ್ದ ತಂದೆ ಒಪ್ಪಲಿಲ್ಲ. ಇನ್ನೂರು ವರ್ಷಗಳ ನಂತರ ಎದ್ದರೂ ಬಂಧುಗಳೊಬ್ಬರೂ ಇಲ್ಲದ, ನೆನಪೂ ಇರಲಾರದ ಹುಡುಗಿ ಪರದೇಶದಲ್ಲಿ ಏನು ಮಾಡಿಯಾಳು ಎಂಬುದು ಅವನ ಅಳಲು. ನ್ಯಾಯಮೂರ್ತಿ ಪೀಟರ್ ಜಾಕ್ಸನ್ ಆಸ್ಪತ್ರೆಗೇ ಹೋಗಿ ಅವಳನ್ನು ಕಂಡರು. ಈ ವಿದ್ಯೆ ಸರಿಯೋ ತಪ್ಪೋ ಎಂದು ತಾವು ಹೇಳುತ್ತಿಲ್ಲವೆಂದು ಸ್ಪಷ್ಟಪಡಿಸಿ, ದೇಹದ ಬಗ್ಗೆ ತಾಯಿಯೇ ನಿರ್ಧರಿಸಲಿ ಎಂದರು. ಕೆಲವೇ ದಿನಗಳಲ್ಲಿ ಹುಡುಗಿ ತೀರಿಕೊಂಡಳು. ಸುಮಾರು 37 ಸಾವಿರ ಪೌಂಡ್ ವೆಚ್ಚದಲ್ಲಿ ದೇಹ ಅಮೆರಿಕಕ್ಕೆ ಹೋಯಿತು.

ಆಸ್ಪತ್ರೆಯವರು ಆಮೇಲೆ ನ್ಯಾಯಾಲಯಕ್ಕೆ ತಿಳಿಸಿದ ಸಂಗತಿಯೊಂದಿದೆ. ಮಗಳ ಕೊನೆಯ ದಿನ ತಾಯಿಯ ಗಮನವೆಲ್ಲ ಮರಣಾನಂತರದ ಸಿದ್ಧತೆಯಲ್ಲೇ ಇತ್ತು, ಮಗಳ ಜೊತೆ ಪೂರ್ತಿ ಇರಲಾಗಲಿಲ್ಲ ಎಂದು. ಆ ತಾಯಿಯನ್ನು ದೂರುವುದು ಯಾರಿಗೂ ಸಲ್ಲದು. ಆದರೆ ಜನ ಈ ವಿದ್ಯೆಯ ಬಗ್ಗೆ ಹಿಂದೆಗೆಯುವುದು ಬರಿಯ ಅಜ್ಞಾನದಿಂದಲ್ಲ ಎಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಮುಂದೆ ಸಿಗಬಹುದಾದ ಬದುಕಿಗಾಗಿ ಕೈಯಲ್ಲಿರುವ ಕೊನೆಯ ಗಳಿಗೆಗಳನ್ನು ತೆರಬೇಕೆ ಎಂಬ ಅಳುಕು ಅದರಲ್ಲಿದೆ.

ಕಳೆದುಕೊಳ್ಳುವುದೇನಿದೆ ಎಂದು ಎಟಿಂಜರ್‌ನ ಅನುಯಾಯಿಗಳು ಕೇಳುತ್ತಾರೆ. ಸಾಯುವವರ ಮಟ್ಟಿಗೆ ಅದು ನಿಜವಿರಬಹುದು. ಉಳಿಯುವವರು ಮಾತ್ರ ಅಳು ಮುಗಿಸಿ ಮನೆಗೆ ಹಿಂತಿರುಗಲಾರರು; ಅವರು ಕಾವಲು ಕಾಯಬೇಕು, ಅವರ ನಂತರ ಇನ್ನಾರೋ ಕಾಯಬೇಕು. ಹೆಸರೂ ತಿಳಿಯದ ಆ ಕಾವಲುಗಾರರ ಮೇಲೆ ಭರವಸೆ ಇಡುವುದೇ ಜನಕ್ಕೆ ಕಷ್ಟವಾಗಿರುವುದು.