ಕಡಲ ತಳದ ಗಾಜಿನೆಳೆ

ಸುರಪುರದ ಮಗ್ಗುಲಲ್ಲಿರುವ ರಂಗಂಪೇಟೆಗೂ ಕಡಲಿಗೂ ಏನು ನಂಟು? ಪಡುಗಡಲನ್ನು ಕಾಣಬೇಕಾದರೆ ಇಲ್ಲಿಯವರು ಇಡೀ ನಾಡನ್ನೇ ಅಡ್ಡಹಾಯ್ದು ಹೋಗಬೇಕು. ಆದರೂ ಇಲ್ಲಿಯ ಕಟ್ಟೆಯ ಮೇಲೆ ಕುಳಿತ ತಾಯಿಯೊಬ್ಬಳು ಪರದೇಶದಲ್ಲಿರುವ ಮಗನ ಮುಖವನ್ನು ಅಂಗೈಯಗಲದ ಫೋನಿನಲ್ಲಿ ನೋಡುತ್ತ, "ಊಟ ಆತೇನಪ್ಪಾ?" ಎಂದು ಕೇಳಿದಾಗ, ಆ ಮಾತು ಕಡಲನ್ನು ದಾಟಲೇಬೇಕು. ಅದು ಆಕಾಶಮಾರ್ಗವಾಗಿ ಹಾರಿಹೋಗುತ್ತದೆಂದು ಬಹುಮಂದಿಯ ನಂಬಿಕೆ. ನಿಜಕ್ಕೂ ಖಂಡದಿಂದ ಖಂಡಕ್ಕೆ ಹೋಗುವ ಸಂದೇಶಗಳಲ್ಲಿ ಬಹುಪಾಲು ಸಾಗುವುದು ಸಮುದ್ರದ ತಳದಲ್ಲಿ, ಕೂದಲೆಳೆಯಷ್ಟು ಸಣ್ಣ ಗಾಜಿನ ತಂತುವಿನೊಳಗೆ, ಬೆಳಕಿನ ರೂಪದಲ್ಲಿ.

ಈ ಸೌಕರ್ಯವಿಲ್ಲದ ಕಾಲವನ್ನು ಒಮ್ಮೆ ನೆನೆಯೋಣ. 1858ರ ಫೆಬ್ರುವರಿಯಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ಸೈನ್ಯದೊಡನೆ ಕಾದಿದನು. ಆ ಸುದ್ದಿ ಲಂಡನ್ನನ್ನು ಮುಟ್ಟಬೇಕಾದರೆ ಹಡಗಿನ ಅಂಚೆಯೇ ಗತಿ, ವಾರಗಳೇ ಉರುಳಬೇಕು. ಅದೇ ವರ್ಷದ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರದಡಿಯ ಮೊದಲ ತಂತಿಯ ಮೂಲಕ ವಿಕ್ಟೋರಿಯಾ ರಾಣಿಯು ಅಮೆರಿಕದ ಅಧ್ಯಕ್ಷನಿಗೆ 98 ಪದಗಳ ಸಂದೇಶವೊಂದನ್ನು ಕಳುಹಿಸಿದಳು. ಅಷ್ಟಕ್ಕೇ ಸುಮಾರು 16 ಗಂಟೆ ಹಿಡಿಯಿತು! ತಿಂಗಳು ತುಂಬುವುದರೊಳಗೆ ಆ ತಂತಿ ಮೂಕವಾಯಿತು. ಆದರೆ ಮನುಷ್ಯನು ಛಲ ಬಿಡಲಿಲ್ಲ. 1870ರಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ದೈತ್ಯ ಹಡಗು ಮುಂಬಯಿಗೂ ಏಡನ್ನಿಗೂ ನಡುವೆ ತಂತಿ ಹಾಸಿತು. ವಾರಗಳ ದೂರ ಗಂಟೆಗಳಿಗೆ ಇಳಿಯಿತು.

ಮಂಗಳೂರಿನ ದ್ವೀಪಗಳು

ಖಂಡಗಳಿಗೆ ದೊರೆತ ಈ ಭಾಗ್ಯ ಸಣ್ಣ ದ್ವೀಪಗಳಿಗೆ ದೊರೆಯಲು ಬಹುಕಾಲ ಬೇಕಾಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ಎಂಬ ದ್ವೀಪಗಳು 1956ರ ನವೆಂಬರ್ 1ರವರೆಗೂ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವೆಂಬುದನ್ನು ಬಲ್ಲವರು ವಿರಳ. ಅಲ್ಲಿಯ ಜನ ಹಾಯಿದೋಣಿಗಳಲ್ಲಿ ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು, ಅಕ್ಕಿಯನ್ನು ಕೊಂಡೊಯ್ಯುತ್ತಿದ್ದರು. ಮುಂಗಾರು ಕೆರಳಿತೆಂದರೆ ಕಡಲಿನ ಬಾಗಿಲು ಮುಚ್ಚಿತು. ದಡಕ್ಕೆ ಹೋದ ಮನೆಯವನು ಬದುಕಿರುವನೋ ಇಲ್ಲವೋ ಎಂಬುದನ್ನು ತಿಳಿಯಲು ಮಳೆಗಾಲ ಮುಗಿಯುವವರೆಗೂ ಕಾಯಬೇಕಾಗಿತ್ತು.

ಮುಂದೆ ಉಪಗ್ರಹ ಬಂದಿತು. ಆದರೆ ಅದು 36,000 ಕಿಲೋಮೀಟರು ಎತ್ತರದಲ್ಲಿದೆ. ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಅರ್ಧ ಸೆಕೆಂಡು ಕಳೆಯುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ದಾರಿ ಕಿರಿದು. ಇಡೀ ಲಕ್ಷದ್ವೀಪಕ್ಕೆ ಸೆಕೆಂಡಿಗೆ 1.7 ಗಿಗಾಬಿಟ್ ಮಾತ್ರ. ಓಣಿಯ ಜನರೆಲ್ಲ ಒಂದೇ ನಲ್ಲಿಗೆ ಕೊಡ ಹಿಡಿದು ನಿಂತ ಹಾಗೆ!

ಈ ಕೊರತೆಯನ್ನು ನೀಗಲು ಕೊಚ್ಚಿಯಿಂದ ಕವರತ್ತಿಯೂ ಸೇರಿದಂತೆ 11 ದ್ವೀಪಗಳಿಗೆ ಕಡಲಡಿಯ ಕೇಬಲ್ ಹಾಸುವ ಯೋಜನೆಗೆ ಕೇಂದ್ರ ಮಂತ್ರಿಮಂಡಲವು 2020ರ ಡಿಸೆಂಬರಿನಲ್ಲಿ ಸಮ್ಮತಿಯಿತ್ತಿತು. ಅಂದಾಜು ವೆಚ್ಚ 1,072 ಕೋಟಿ ರೂಪಾಯಿ. 1,868 ಕಿಲೋಮೀಟರು ಉದ್ದದ ಈ ಮಾರ್ಗವು 2024ರ ಜನವರಿ 3ರಂದು ಉದ್ಘಾಟನೆಗೊಂಡಿತು. ಇದಕ್ಕೆ ಮೊದಲೇ, 2020ರ ಆಗಸ್ಟ್ 10ರಂದು, ಚೆನ್ನೈಯಿಂದ ಅಂದಮಾನ್-ನಿಕೋಬಾರಿಗೆ ಸುಮಾರು 2,300 ಕಿಲೋಮೀಟರಿನ ಕೇಬಲ್ ಸಿದ್ಧವಾಗಿತ್ತು.

ಹಾಸುವ ಬಗೆ

ಕಡಲಿಗೆ ಕೇಬಲ್ ಹಾಸುವುದೆಂದರೆ ಹಗ್ಗ ಬಿಟ್ಟಂತಲ್ಲ. ಮೊದಲು ಸಮುದ್ರತಳದ ಬೆಟ್ಟ, ಕಣಿವೆ, ಹವಳದ ದಿಬ್ಬಗಳನ್ನು ಶಬ್ದತರಂಗಗಳಿಂದ ಅಳೆದು ನಕ್ಷೆ ಬರೆಯುತ್ತಾರೆ. ಹಡಗಿನ ಒಡಲಿನಲ್ಲಿರುವ ಭಾರೀ ತೊಟ್ಟಿಗಳಲ್ಲಿ ಸುರುಳಿ ಸುತ್ತಿಟ್ಟ ಕೇಬಲ್ಲು ಹಡಗು ಸಾಗಿದಂತೆ ಮೆಲ್ಲಗೆ ನೀರಿಗಿಳಿಯುತ್ತದೆ. ತೀರ ಆಳದಲ್ಲಿ ಅದರ ದಪ್ಪ ತೋಟಕ್ಕೆ ನೀರುಣಿಸುವ ಕೊಳವೆಯಷ್ಟೇ. ಆದರೆ ದಡದ ಬಳಿ ಅದಕ್ಕೆ ಉಕ್ಕಿನ ತಂತಿಗಳ ಕವಚ ತೊಡಿಸಿ, ನೇಗಿಲಿನಂಥ ಯಂತ್ರದಿಂದ ಕಡಲ ನೆಲವನ್ನು ಉತ್ತು ಹೂಳುತ್ತಾರೆ. ಏಕೆಂದರೆ ಕೇಬಲ್ಲಿನ ದೊಡ್ಡ ಶತ್ರುಗಳು ತಿಮಿಂಗಿಲಗಳಲ್ಲ. ಮೀನುಗಾರರ ಬಲೆಗಳು ಮತ್ತು ಹಡಗುಗಳ ಲಂಗರುಗಳು. ಎಲ್ಲಿಯಾದರೂ ತುಂಡಾದರೆ ಕೊಕ್ಕೆ ಇಳಿಬಿಟ್ಟು ಎರಡೂ ತುದಿಗಳನ್ನು ಮೇಲೆತ್ತಿ, ಹಡಗಿನ ಮೇಲೆಯೇ ಗಾಜಿನೆಳೆಗಳನ್ನು ಒಂದೊಂದಾಗಿ ಬೆಸೆಯುತ್ತಾರೆ. ಅಕ್ಕಸಾಲಿಗನ ಕೈಚಳಕ ಬೇಡುವ ಕೆಲಸವದು.

ಗಾಜಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಕೊಚ್ಚಿಯಿಂದ ಕವರತ್ತಿಗೆ ಸುಮಾರು 400 ಕಿಲೋಮೀಟರು. ಮಾತು ಮುಟ್ಟಲು ಕಣ್ಣೆವೆ ಮುಚ್ಚುವಷ್ಟು ಹೊತ್ತೂ ಬೇಡ. ದಾರಿಯ ಅಗಲವೂ 1.7ರಿಂದ 200 ಗಿಗಾಬಿಟ್ಟಿಗೆ ಏರಿತು. ದ್ವೀಪದ ವೈದ್ಯನು ರೋಗಿಯ ಎಕ್ಸ್-ರೇ ಚಿತ್ರವನ್ನು ಕೊಚ್ಚಿಯ ತಜ್ಞರಿಗೆ ಆ ಕ್ಷಣದಲ್ಲೇ ತೋರಿಸಿ, ಹೆಲಿಕಾಪ್ಟರಿನಲ್ಲಿ ಸಾಗಿಸಬೇಕೇ ಬೇಡವೇ ಎಂದು ಕೇಳಿ ತಿಳಿಯಬಹುದು. ಒಂದು ಜೀವದ ಅಳಿವು ಉಳಿವು ಅಂಥ ಉತ್ತರವನ್ನು ಅವಲಂಬಿಸಿರಬಹುದಲ್ಲವೆ?

ಒಂದೇ ಎಳೆಯ ಅಪಾಯ

ಆದರೆ ಒಂದೇ ಎಳೆಯನ್ನು ನಂಬಿದವರ ಪಾಡು ಏನಾದೀತೆಂಬುದನ್ನು ಶಾಂತಸಾಗರದ ಟೋಂಗಾ ದೇಶ ಕಂಡಿದೆ. 2022ರ ಜನವರಿ 15ರಂದು ಅಲ್ಲಿ ಕಡಲೊಳಗಿನ ಜ್ವಾಲಾಮುಖಿ ಸ್ಫೋಟಿಸಿ, ಫಿಜಿಯೊಡನೆ ಕೂಡಿಸಿದ್ದ ಏಕೈಕ ಕೇಬಲ್ ಕಡಿಯಿತು. ಹೊರದೇಶಗಳಲ್ಲಿದ್ದ ಮಕ್ಕಳಿಗೆ ತಾಯ್ತಂದೆಯರ ಕ್ಷೇಮ ತಿಳಿಯದೆ ದಿನಗಳು ಕಳೆದುವು. ಕೇಬಲ್ ಮತ್ತೆ ಕೂಡಿದ್ದು ಐದು ವಾರಗಳ ಮೇಲೆ. ಎರಡನೆಯ ದಾರಿಯೊಂದಿರಬೇಕೆಂಬ ಪಾಠವನ್ನು ಆ ಪುಟ್ಟ ರಾಷ್ಟ್ರ ಕಷ್ಟಪಟ್ಟು ಕಲಿಯಿತು. ದ್ವೀಪಗಳನ್ನು ಹೊಂದಿರುವ ನಾವು ಕಷ್ಟಪಡದೆಯೇ ಕಲಿಯುವುದು ಲೇಸು.

ರಂಗಂಪೇಟೆಯ ತಾಯಿಗೆ ಈ ಯಾವ ಲೆಕ್ಕವೂ ಬೇಕಿಲ್ಲ. "ಆತವ್ವ, ಈಗಷ್ಟೇ ಉಂಡೆ" ಎಂಬ ಮಗನ ಉತ್ತರ ಕಿವಿಗೆ ಬಿದ್ದರೆ ಆಕೆಗೆ ತೃಪ್ತಿ. ಆ ಎರಡು ಮಾತಿಗಾಗಿ ಕಡಲನ್ನು ಅಳೆದವರು, ಉತ್ತವರು, ಬೆಸೆದವರು ಎಷ್ಟು ಜನರೋ! ಅವರ ದುಡಿಮೆಯೆಲ್ಲ ನೀರಿನ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಮಲಗಿದೆ.